ಬಯಲಿಗೆ ಕಿವಿಗೊಟ್ಟವರು

"ಕಾಚೋ ಹೋಗ್ಬಿಟ್ರಂತೆ ಕಣೇ," ಎಂದು ವೀಣಾ ಫೋನಿನಲ್ಲಿ ಹೇಳಿದಾಗ ನಾನು ಮೈಸೂರಿನ ಮನೆಯಲ್ಲಿ ಅವರೆಕಾಳು ಹಿಸುಕುತ್ತಿದ್ದೆ. ಅವರ ಹೆಂಡತಿ ವೀಣಾಗೆ ಮೇಲ್ ಬರೆದಿದ್ದರಂತೆ. "ಬೆಳಗ್ಗೆ ಬೈನಾಕ್ಯುಲರ್ ತಗೊಂಡು ವಾಕ್ ಹೋಗಿದ್ದಾರೆ, ಬಂದು ಟೀ ಕುಡಿದು ಸ್ವಲ್ಪ ಮಲಗ್ತೀನಿ ಅಂದಿದ್ದಾರೆ. ಅಷ್ಟೇ. ಏನೂ ನರಳಲಿಲ್ಲ ಪಾಪ," ಎಂದಳು. ಆಮೇಲೆ ಅವಳೇ, "ನಿನ್ನನ್ನ ಬಸ್ಸು ಅಂತಿದ್ರಲ್ಲ, ನೆನಪಿದ್ಯಾ?" ಎಂದು ನಕ್ಕಳು. ನಾನೂ ನಕ್ಕೆ.

ಕಾಚೋ ಎಂದರೆ ಸೆಕ್ಷನ್ನಿನ ಮುಖ್ಯಸ್ಥ. ಜಪಾನಿನ ಆಫೀಸುಗಳಲ್ಲಿ ದೊಡ್ಡವರನ್ನು ಹೆಸರು ಹಿಡಿದು ಕರೆಯುವುದು ಕಡಿಮೆ, ಹುದ್ದೆಯೇ ಹೆಸರು. ನಾವು ಅಲ್ಲಿದ್ದಷ್ಟು ಕಾಲವೂ ಅವರು ನಮಗೆ ಕಾಚೋ, ನಿವೃತ್ತರಾದ ಮೇಲೂ ಕಾಚೋ. ಇಲ್ಲಿಯೂ ಹಾಗೆಯೇ ಇರಲಿ. ನನ್ನ ಹೆಸರು ವಸುಧಾ. ಜಪಾನೀಯರ ನಾಲಗೆಗೆ ಇಂಗ್ಲಿಷಿನ 'ವಿ' ಒಗ್ಗದು, ಆದ್ದರಿಂದ ನಾನು ಬಸುಧಾ-ಸಾನ್, ಅಂದರೆ ಬಸುಧಾ ಅವರು, ಆದೆ. ಬಸು ಎಂದರೆ ಅವರ ಭಾಷೆಯಲ್ಲಿ ಬಸ್ಸು. ನಾನು ತಡವಾಗಿ ಬಂದ ದಿನ ಕಾಚೋ ಗಡಿಯಾರ ನೋಡಿ, "ಇವತ್ತು ಬಸ್ಸು ಲೇಟು" ಎನ್ನುತ್ತಿದ್ದರು. ಅವರು ಮಾಡುತ್ತಿದ್ದ ತಮಾಷೆ ಬಹುಶಃ ಅದೊಂದೇ. ಅದನ್ನು ಪ್ರತಿ ಸಲವೂ ಹೊಸದೆಂಬಂತೆ ಹೇಳುತ್ತಿದ್ದರು.

ಎರಡು ಸಾವಿರದ ಇಸವಿ ಬರುವ ಹಿಂದಿನ ವರ್ಷ ನಾನೂ ವೀಣಾಳೂ ಬೆಂಗಳೂರಿನ ಕಂಪನಿಯಿಂದ ಟೋಕಿಯೋಗೆ ಹೋದೆವು. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದರಿಂದ, ಸೊನ್ನೆ ಸೊನ್ನೆ ಬಂದ ದಿನ ಕಂಪ್ಯೂಟರುಗಳು ನೂರು ವರ್ಷ ಹಿಂದಕ್ಕೆ ಹೋಗಿಬಿಡುತ್ತವೆಂಬ ಭಯ ಆಗ ಎಲ್ಲ ಕಡೆ ಇತ್ತು. ನಮ್ಮ ಪಾಲಿಗೆ ಬಂದದ್ದು ಸರಕು ಸಾಗಿಸುವ ಒಂದು ಕಂಪನಿಯ ಕೆಲಸ. ಆಫೀಸು ಟೋಕಿಯೋ ಕೊಲ್ಲಿಯ ದಡದ ತೊಯೊಸುವಿನಲ್ಲಿ. ಕಿಟಕಿಯ ಆಚೆ ಹೊಸ ಕಟ್ಟಡಗಳ ಕ್ರೇನುಗಳು, ಕೆಳಗೆ ಕಾಲುವೆ. ಪ್ರೋಗ್ರಾಮುಗಳನ್ನು ತಿದ್ದಿ ಪರೀಕ್ಷಿಸುವ ಸೆಕ್ಷನ್ನು ಕಾಚೋ ಅವರದು.

ಐವತ್ತು ದಾಟಿದ್ದ ತೆಳ್ಳನೆಯ, ಉದ್ದನೆಯ ಮನುಷ್ಯ. ಯಾರು ಏನು ಹೇಳಿದರೂ ತಲೆ ಸ್ವಲ್ಪ ಮುಂದೆ ಚಾಚಿ, ಹೇಳುವವರ ತುಟಿಯನ್ನೇ ನೋಡುತ್ತ, "ಹಾಯ್, ಹಾಯ್" ಎಂದು ತಲೆಯಾಡಿಸುವರು. ಹಾಯ್ ಎಂದರೆ ಹೌದು. ಇಷ್ಟು ಗಮನವಿಟ್ಟು ಕೇಳುವವರು ಇಡೀ ಕಟ್ಟಡದಲ್ಲಿ ಇನ್ನೊಬ್ಬರಿಲ್ಲವೆಂದು ಎಲ್ಲರೂ ಹೊಗಳುತ್ತಿದ್ದರು. ಫೋನು ಬಂದರೆ ಮಾತ್ರ ಪಕ್ಕದವರಿಗೆ ಎತ್ತುವಂತೆ ಕೈ ತೋರಿಸಿ ಎದ್ದು ಹೋಗುವರು. ಮೀಟಿಂಗಿನಲ್ಲಿ ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟು, ಎಲ್ಲರ ಮುಖ ಕಾಣುವ ಕಡೆಯೇ ಕೂರುವರು. "ಬೋರ್ಡಿನ ಮೇಲೆ ಬರೆದು ಹೇಳಿ, ಎಲ್ಲರಿಗೂ ಒಳ್ಳೆಯದು" ಎನ್ನುವರು. ಶಿಸ್ತಿನ ಮನುಷ್ಯ ಎಂದುಕೊಂಡಿದ್ದೆವು.

ನನಗೆ ಮಾತ್ರ ಅವರ ಮೇಲೆ ಸಿಟ್ಟಿತ್ತು. ಅದಕ್ಕೆ ನನ್ನ ದನಿಯ ಕಥೆ ಸ್ವಲ್ಪ ಹೇಳಬೇಕು. ನನ್ನದು ದಪ್ಪ ದನಿ, ಹೆಚ್ಚುಕಡಿಮೆ ಗಂಡುದನಿ. ಶಾಲೆಯ ಸಮೂಹಗಾನದಲ್ಲಿ ನನ್ನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ, "ನೀನು ಬರೀ ಬಾಯಾಡಿಸು ಸಾಕು" ಎಂದಿದ್ದರು. ಮನೆಗೆ ಫೋನು ಮಾಡಿದವರೆಲ್ಲ ನನ್ನನ್ನು ಅಣ್ಣನೆಂದು ತಿಳಿದು ಮಾತು ಮುಂದುವರಿಸುತ್ತಿದ್ದರು. ಟೋಕಿಯೋಗೆ ಬಂದ ಮೇಲೆ ಜಪಾನೀ ಕಲಿಸುತ್ತಿದ್ದ ಮೇಡಂ, "ಆಫೀಸಿನಲ್ಲಿ ಹೆಂಗಸರು ಇನ್ನೂ ಮೇಲಿನ ದನಿಯಲ್ಲಿ ಮಾತಾಡಿದರೆ ಮರ್ಯಾದೆಯಾಗಿ ಕೇಳುತ್ತದೆ" ಎಂದು ತಿದ್ದಿದರು. ಅಲ್ಲಿನ ಹುಡುಗಿಯರೆಲ್ಲ ಕೊಳಲಿನಂಥ ದನಿಯಲ್ಲಿ "ಸುಮಿಮಾಸೆನ್", ಅಂದರೆ ಕ್ಷಮಿಸಿ, ಎನ್ನುತ್ತಿದ್ದರು. ನಾನೂ ಗಂಟಲು ಬಿಗಿಹಿಡಿದು ಹಾಗೆಯೇ ಮಾತಾಡಲು ಕಲಿತೆ. ಸಂಜೆ ಹೊತ್ತಿಗೆ ಗಂಟಲು ನೋಯುತ್ತಿತ್ತು. ಇಷ್ಟು ಕಷ್ಟಪಟ್ಟು ಹೇಳಿದ್ದಕ್ಕೆ ಕಾಚೋ "ಹಾಯ್, ಹಾಯ್" ಎಂದು ತಲೆಯಾಡಿಸಿ, ನಾನು ಹೇಳಿದ್ದು ಬಿಟ್ಟು ಬೇರೇನೋ ಮಾಡುತ್ತಿದ್ದರು. ಹೊರಗಿನವಳು, ಅದರಲ್ಲೂ ಹೆಣ್ಣು, ಅದಕ್ಕೇ ಈ ಅಸಡ್ಡೆ ಎಂದು ವೀಣಾಳ ಹತ್ತಿರ ಗೊಣಗುತ್ತಿದ್ದೆ.

ಒಂದು ದಿನ ನಾನು ಬೇಡವೆಂದು ಹೇಳಿದ್ದ ಪ್ರೋಗ್ರಾಮೇ ಪರೀಕ್ಷೆಗೆ ಬಂದು ಕೂತಾಗ ತಡೆಯಲಾಗಲಿಲ್ಲ. ಅವರ ಮೇಜಿನ ಮುಂದೆ ನಿಂತು, ಮೇಡಂ ಕಲಿಸಿದ್ದನ್ನೆಲ್ಲ ಮರೆತು, ನನ್ನ ಸ್ವಂತ ದನಿಯಲ್ಲಿ, "ಕಾಚೋ, ಇದನ್ನ ನಾನು ನಿನ್ನೆಯೇ ಹೇಳಿದ್ದೆ" ಎಂದೆ. ಆಚೀಚೆಯವರು ತಲೆಯೆತ್ತಿ ನೋಡಿದರು. ಕಾಚೋ ಕಣ್ಣರಳಿಸಿದರು.

"ಇದು ನಿಮ್ಮ ದನಿಯಾ?"

"ಹೌದು. ಕ್ಷಮಿಸಿ."

"ಬೇಡ, ಕ್ಷಮೆ ಕೇಳ್ಬೇಡಿ. ಇನ್ನು ಮುಂದೆ ಇದರಲ್ಲೇ ಮಾತಾಡಿ. ದಯವಿಟ್ಟು."

ನನ್ನ ದನಿಯನ್ನು ಯಾರಾದರೂ ದಯವಿಟ್ಟು ಎಂದು ಬೇಡಿದ್ದು ಅದೇ ಮೊದಲು. ಕಾರಣ ಗೊತ್ತಾದದ್ದು ವಸಂತದಲ್ಲಿ. ಮಧ್ಯಾಹ್ನ ಊಟ ಮುಗಿಸಿ ಕಾಲುವೆಯ ಪಕ್ಕ ನಡೆಯುವುದು ಅವರ ಅಭ್ಯಾಸ. ಕುತ್ತಿಗೆಯಲ್ಲಿ ಚಿಕ್ಕ ಬೈನಾಕ್ಯುಲರು. ಅಂದು ನಾನೂ ಕೊಂಬಿನಿ ಎನ್ನುವ ಮೂಲೆಯಂಗಡಿಯಿಂದ ಜ್ಯೂಸ್ ತೆಗೆದುಕೊಂಡು ಅದೇ ದಾರಿಯಲ್ಲಿ ಬರುತ್ತಿದ್ದೆ. ಅವರು ಹೂಬಿಟ್ಟ ಚೆರ್ರಿ ಮರದ ಕೆಳಗೆ ನಿಂತು ನನ್ನನ್ನು ಕರೆದರು.

"ಬಸುಧಾ-ಸಾನ್, ಈ ಮರದಲ್ಲಿ ಏನಾದರೂ ಹಾಡ್ತಿದೆಯಾ?"

ಹಸಿರು ಮೈಯ, ಕಣ್ಣ ಸುತ್ತ ಬಿಳಿ ಉಂಗುರವಿದ್ದ ಪುಟ್ಟ ಹಕ್ಕಿಗಳು ನಮ್ಮ ತಲೆಯ ಮೇಲೆಯೇ ಕಿಚಿಕಿಚಿ ಎಂದು ಕಿವಿ ಕಿತ್ತುಹೋಗುವಂತೆ ಹಾಡುತ್ತಿದ್ದವು. ನಾನು ಅವರ ಮುಖ ನೋಡಿದೆ. ಅವರು ನಿಜವಾಗಿಯೂ ಕೇಳುತ್ತಿದ್ದರು.

"ತುಂಬಾ ಹಾಡ್ತಿವೆ," ಎಂದೆ.

"ಹಾಗಾದ್ರೆ ಇವೂ ಹೋದ್ವು," ಎಂದರು. ಬೆಂಚಿನ ಮೇಲೆ ಕೂತು ನಿಧಾನವಾಗಿ ಹೇಳಿದರು. ಕಿವಿಯೊಳಗಿನ ನರ ಸೊರಗುತ್ತಿದೆ. ಎತ್ತರದ ದನಿಗಳು ಮೊದಲು ಹೋಗುತ್ತವೆ. ಹಕ್ಕಿಗಳು ಒಂದೊಂದಾಗಿ ಹೋದವು, ಅವುಗಳ ಹಿಂದೆ ಹೆಂಗಸರ ಮಾತೂ ಹೋಗುತ್ತಿದೆ. ಕಣ್ಣಿಂದ ನೋಡಿ, ತುಟಿಯಿಂದ ಊಹಿಸಿ ಕಾಲ ತಳ್ಳುತ್ತಿದ್ದಾರೆ. ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. "ಆಫೀಸಿಗೆ ತಿಳಿದರೆ ಕಿಟಕಿ ಪಕ್ಕದ ಮೇಜು ಕೊಡ್ತಾರೆ," ಎಂದರು. ಕೆಲಸವಿಲ್ಲದೆ ಹೊರಗೆ ನೋಡುತ್ತ ನಿವೃತ್ತಿಗಾಗಿ ಕಾಯುವವರಿಗೆ ಅಲ್ಲಿ ಹಾಗೆ ಹೇಳುತ್ತಾರೆ.

"ಯಂತ್ರ ಹಾಕಿಸ್ಕೋಬಹುದಲ್ಲ?"

"ಹಾಕಿದರೆ ಎಲ್ಲರಿಗೂ ಕಾಣುತ್ತಲ್ಲ," ಎಂದರು.

ಅಂದಿನಿಂದ ನಾನು ಅವರ ಜೊತೆ ಮಧ್ಯಾಹ್ನ ನಡೆಯತೊಡಗಿದೆ. ಹಕ್ಕಿಯ ಗಂಧವೇ ಇಲ್ಲದ ನನಗೆ ಅವರು ಗಡಿಯಾರದ ಲೆಕ್ಕ ಕಲಿಸಿದರು. ನೇರ ಮುಂದೆ ಹನ್ನೆರಡು ಗಂಟೆ, ಬಲಕ್ಕೆ ಮೂರು, ಎಡಕ್ಕೆ ಒಂಬತ್ತು. ನಾನು ದನಿ ಎಲ್ಲಿಂದ ಬಂತೆಂದು ಹೇಳಿದರೆ ಅವರು ಹಕ್ಕಿಯನ್ನು ಹುಡುಕಿ ನನಗೆ ತೋರಿಸುವರು. ಕಿವಿ ನನ್ನದು, ಕಣ್ಣು ಅವರದು.

ಹೊಸ ವರ್ಷ ಬಂತು. ಎಲ್ಲರೂ ಉಸಿರು ಬಿಗಿಹಿಡಿದು ಕಾದರೂ ಏನೂ ಆಗಲಿಲ್ಲ. ಆಫೀಸಿನಲ್ಲಿ ಎಲ್ಲರೂ ಪರಸ್ಪರ ಬಾಗಿ ಬಾಗಿ ವಂದಿಸಿದರು. ಆದದ್ದು ಫೆಬ್ರವರಿ ಇಪ್ಪತ್ತೊಂಬತ್ತರಂದು. ಒಂದು ಹಳೆಯ ಪ್ರೋಗ್ರಾಮಿಗೆ ಆ ವರ್ಷ ಫೆಬ್ರವರಿಗೆ ಇಪ್ಪತ್ತೊಂಬತ್ತು ಉಂಟೆಂಬುದೇ ಗೊತ್ತಿರಲಿಲ್ಲ. ಸರಕಿನ ಚೀಟಿಗಳೆಲ್ಲ ಮಾರ್ಚ್ ಒಂದರ ತಾರೀಕು ಹೊತ್ತು ಹೊರಬಂದವು, ಲಾರಿಗಳು ಗೋದಾಮಿನ ಮುಂದೆ ಸಾಲುಗಟ್ಟಿದವು. ಸಂಜೆಯೊಳಗೆ ಸರಿಪಡಿಸಿದೆವು. ಆದರೂ ಯಾರದಾದರೂ ತಲೆಗೆ ಕಟ್ಟಬೇಕಲ್ಲ. ಆ ಪ್ರೋಗ್ರಾಮು ಪರೀಕ್ಷಿಸಿದವಳು ಮೋರಿ-ಸಾನ್. ಗುತ್ತಿಗೆಯ ಮೇಲಿದ್ದ, ಸೊಳ್ಳೆಯಂತೆ ಸಣ್ಣಗೆ ಮಾತಾಡುವ ಹುಡುಗಿ. ಅವಳು ಬೈಸಿಕೊಂಡು ಸುಮ್ಮನಿದ್ದಳು. ಮಳೆಗಾಲ ಶುರುವಾಗುವ ಹೊತ್ತಿಗೆ, ಅವಳ ಗುತ್ತಿಗೆಯನ್ನು ಮುಂದುವರಿಸುವುದಿಲ್ಲವಂತೆ ಎಂಬ ಮಾತು ಕಿವಿಗೆ ಬಿತ್ತು.

ಅವಳು ಆ ತಪ್ಪನ್ನು ಡಿಸೆಂಬರಿನಲ್ಲೇ ಹೇಳಿದ್ದಳು. ಮೀಟಿಂಗ್ ಮುಗಿದು ಎಲ್ಲರೂ ಏಳುವಾಗ ಕಾಚೋ ಪಕ್ಕ ನಿಂತು ಹೇಳಿದ್ದಳು. ಅವರು "ಹಾಯ್, ಹಾಯ್" ಎಂದಿದ್ದರು. ನಾನು ಅಲ್ಲೇ ಕುರ್ಚಿ ಸರಿಸುತ್ತಿದ್ದೆ. ಅವರಿಗೆ ನೋವಾದೀತೆಂದು ಇಷ್ಟು ದಿನ ನಾನೂ ಬಾಯಿ ಬಿಟ್ಟಿರಲಿಲ್ಲ. ಈ ಗುತ್ತಿಗೆಯ ಸುದ್ದಿ ಕೇಳಿದ ಮಧ್ಯಾಹ್ನವೇ ಕಾಲುವೆಯ ಪಕ್ಕ ಕಾಚೋಗೆ ಇದನ್ನು ಹೇಳಿದೆ. ಅವರ ನಡಿಗೆ ನಿಂತಿತು.

"ನಾನು ತಲೆಯಾಡಿಸಿದ್ನಾ?"

"ಆಡಿಸಿದ್ರಿ."

ಅವರು ಬೈನಾಕ್ಯುಲರನ್ನು ಕುತ್ತಿಗೆಯಿಂದ ತೆಗೆದು ಜೇಬಿಗೆ ಹಾಕಿಕೊಂಡರು.

ಆ ವಾರದ ಕೊನೆಗೆ ನಾಗಾನೊ ಬೆಟ್ಟಗಳ ಮೇಲಿನ ಬಯಲಿಗೆ ಹಕ್ಕಿ ನೋಡಲು, ಫೋಟೋ ತೆಗೆಯಲು ಹೋಗುವುದೆಂದು ಮೊದಲೇ ಮಾತಾಗಿತ್ತು. ರದ್ದಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಶನಿವಾರ ಬೆಳಗ್ಗೆ ಶಿಂಜುಕು ನಿಲ್ದಾಣದಲ್ಲಿ ಕಾಚೋ ದೊಡ್ಡ ಲೆನ್ಸಿನ ಚೀಲವನ್ನೂ ಕ್ಯಾಮೆರಾ ನಿಲ್ಲಿಸುವ ಮುಕ್ಕಾಲಿಯನ್ನೂ ಹೊತ್ತು ನಿಂತಿದ್ದರು. ಜೊತೆಗೆ ಅವರ ಹೆಂಡತಿ, ಕುಳ್ಳಗೆ, ಗುಂಡಗೆ, ನಗುನಗುತ್ತ. ಗಂಡನಿಗೆ ಏನಾದರೂ ಹೇಳಬೇಕಾದಾಗಲೆಲ್ಲ ತೋಳು ತಟ್ಟಿ, ತನ್ನ ಕಡೆ ತಿರುಗಿಸಿಕೊಂಡು ಹೇಳುತ್ತಿದ್ದರು. ವೀಣಾ ಚಟ್ನಿಪುಡಿಯ ಡಬ್ಬಿ ತಂದಿದ್ದಳು. ರೈಲಿನಲ್ಲಿ ಕಾಚೋ ಅದನ್ನು ಅನ್ನದುಂಡೆಗೆ ಉದುರಿಸಿಕೊಂಡು ತಿಂದು, ಕಣ್ಣೀರು ಒರೆಸಿಕೊಂಡು, ಇನ್ನಷ್ಟು ಹಾಕಿಸಿಕೊಂಡರು.

ರೈಲಿಳಿದು ಬಸ್ಸು ಹತ್ತಿ ಮೇಲೆ ಹೋದೆವು. ಬೆಟ್ಟದ ನೆತ್ತಿಯ ಮೇಲೆ ಅಷ್ಟು ದೊಡ್ಡ ಬಯಲಿರುತ್ತದೆಂದು ನಾನು ಎಣಿಸಿರಲಿಲ್ಲ. ಮರಗಳಿಲ್ಲ. ಅಲೆ ಅಲೆಯಾಗಿ ಏರಿಳಿಯುವ ಹುಲ್ಲು, ನಡುನಡುವೆ ಮೊಣಕಾಲೆತ್ತರದ ಪೊದೆಗಳು, ಅವುಗಳ ತುಂಬ ಕಿತ್ತಳೆ ಬಣ್ಣದ ಹೂವು. ತಗ್ಗಿನಲ್ಲಿ ಜೌಗು. ಜೌಗಿನ ಮೇಲೆ ಹಾಸಿದ ಹಲಗೆಯ ದಾರಿ. ಕಾಚೋ ಆ ಪೊದೆಗಳನ್ನು ಕೈಯಿಂದ ಸವರುತ್ತ, "ಸ್ಕಾಟ್ಲೆಂಡಿನಲ್ಲಿ ಹೀದರ್ ಅನ್ನೋ ಗಿಡ ಬೆಟ್ಟವನ್ನೆಲ್ಲ ಮುಚ್ಚುತ್ತಂತೆ. ಇವು ಅದರ ನೆಂಟರು. ಅಲ್ಲಿಗೆ ಹೋಗೋಕೆ ಆಗಲಿಲ್ಲ, ಇಲ್ಲಿಗೆ ಬರ್ತೀನಿ," ಎಂದರು.

"ಜೂನಲ್ಲೂ ಇಷ್ಟು ಚಳಿನಾ! ಸ್ವೆಟರ್ ತರ್ಬೇಕಿತ್ತು ಕಣೇ," ಎಂದು ವೀಣಾ ನಡುಗಿದಳು. ಕಾಚೋ ಹೆಂಡತಿ ತಮ್ಮ ಶಾಲು ತೆಗೆದು ಅವಳಿಗೆ ಹೊದಿಸಿ, ಕೂಸಿಗೆ ಕಟ್ಟುವಂತೆ ಗಂಟು ಹಾಕಿದರು.

ಹಲಗೆಯ ದಾರಿಯಲ್ಲಿ ಕಾಚೋ ಮುಕ್ಕಾಲಿ ಹೂಡಿದರು. ನಾನು ಅವರ ಹಿಂದೆ, ಬಲಕಿವಿಯ ಹತ್ತಿರ ನಿಂತೆ. ಅವರ ಹಳೆಯ ಕ್ಯಾಮೆರಾ ನನ್ನ ಕೊರಳಲ್ಲಿತ್ತು. ಒಂದು ದನಿ ಕೇಳಿತು, ಸಣ್ಣಗೆ, ಗಾಜಿನ ಬಳೆ ತಾಗಿದಂತೆ.

"ಎರಡು ಗಂಟೆ. ಹತ್ತಿರ."

ಅವರು ಲೆನ್ಸು ತಿರುಗಿಸಿದರು. ಪೊದೆಯ ತುತ್ತತುದಿಯಲ್ಲಿ ಗುಬ್ಬಿಗಿಂತ ಚಿಕ್ಕ ಹಕ್ಕಿ. ಕಪ್ಪು ತಲೆ, ಎದೆಗೆ ಕಿತ್ತಳೆ ಬಣ್ಣ ಬಳಿದಂತೆ, ಕತ್ತಿನ ಪಕ್ಕ ಬಿಳಿ ಪಟ್ಟಿ. ನೋಬಿತಾಕಿ ಎಂದು ಅದರ ಹೆಸರು. ಕೊಕ್ಕು ತೆರೆದು ಮುಚ್ಚುವುದು ಅವರಿಗೆ ಕಾಣುತ್ತಿತ್ತು.

"ಹೇಗೆ ಹಾಡ್ತಿದೆ?"

ಹೇಗೆ ಹೇಳಲಿ? ನಾನು ನನ್ನ ದಪ್ಪ ದನಿಯಲ್ಲಿ ಅದರ ಲಯವನ್ನು ಗುನುಗಿದೆ. ಹಕ್ಕಿಯ ಹಾಡು ನನ್ನ ಗಂಟಲಲ್ಲಿ ಎತ್ತಿನ ಗಾಡಿಯಾಯಿತು. ಹಿಂದೆ ವೀಣಾ ಬಾಯಿಗೆ ಶಾಲು ಒತ್ತಿಕೊಂಡು ನಗುತ್ತಿದ್ದಳು. ಕಾಚೋ ನಗಲಿಲ್ಲ. ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಹೌದು, ಹಾಗೇ ಇತ್ತು. ಕೊನೆಯಲ್ಲಿ ಸ್ವಲ್ಪ ಮೇಲೆ ಹೋಗುತ್ತೆ, ಅಲ್ವಾ?" ಎಂದರು. ನಿಜವಾಗಿಯೂ ಮೇಲೆ ಹೋಗುತ್ತಿತ್ತು.

ಮಧ್ಯಾಹ್ನ ಮಂಜು ಕವಿಯಿತು. ಹತ್ತು ಹೆಜ್ಜೆ ಆಚೆಯ ಪೊದೆಯೂ ಕಾಣದಾಯಿತು. ಹೆಂಡತಿಯೂ ವೀಣಾಳೂ ಹಲಗೆಯ ಮೇಲೆ ಕೂತು ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದರು. ಕಾಚೋ ಲೆನ್ಸಿಗೆ ಮುಚ್ಚಳ ಹಾಕಿದರು.

"ಬಸುಧಾ-ಸಾನ್, ನಾನು ಕೆಲಸ ಬಿಡ್ತೀನಿ. ಬೇಸಿಗೆ ರಜೆಗೆ ಮುಂಚೆ. ಈ ಲೆನ್ಸೂ ಮಾರ್ತೀನಿ. ಕೇಳಿಸದ ಹಕ್ಕಿಗಳ ಫೋಟೋ ತೆಗೆದು ಏನು ಮಾಡ್ಲಿ?"

"ಕಾರಣ ಏನಂತ ಹೇಳ್ತೀರಿ?"

"ವಯಸ್ಸು ಅಂತ. ಸದ್ದಿಲ್ಲದೆ ಹೋಗ್ತೀನಿ."

ನಾನು ಧೈರ್ಯ ತಂದುಕೊಂಡು ಕೇಳಿದೆ. "ನೀವು ಸದ್ದಿಲ್ಲದೆ ಹೋದ್ರೆ ಮೋರಿ-ಸಾನ್ ಗತಿ ಏನು?"

ಹಿರಿಯರ ಹತ್ತಿರ ಹಾಗೆ ಮಾತಾಡುವುದು ಅಲ್ಲಿನ ರೀತಿಯಲ್ಲ. ಇಲ್ಲಿಯದೂ ಅಲ್ಲ. ಅವರಿಗೆ ಕೋಪ ಬಂದಿತೋ ಎಂದು ನೋಡಿದೆ. ಮುಖ ಮಂಜಿನ ಕಡೆಗಿತ್ತು.

ಆಗ ಅವರು ಇದ್ದಕ್ಕಿದ್ದಂತೆ ಕೈಯೆತ್ತಿದರು. ನನಗೆ ಇನ್ನೂ ಏನೂ ಕೇಳಿರಲಿಲ್ಲ. ಮರುಗಳಿಗೆ ಮೇಲೆಲ್ಲೋ ಒಂದು ಸದ್ದು ಹುಟ್ಟಿತು. ದೂರದ ಗುಡುಗಿನಂತೆ ಶುರುವಾಗಿ, ಹತ್ತಿರ ಹತ್ತಿರ ಬರುತ್ತ ಹಲಗೆ ಸೀಳುವಂತೆ ದೊಡ್ಡದಾಗಿ, ನಮ್ಮ ತಲೆಯ ಮೇಲೆ ಘರ್ರನೆ ಹಾದು, ಥಟ್ಟನೆ ನಿಂತಿತು. ವೀಣಾ, "ಅಯ್ಯೋ, ಏನೇ ಅದು?" ಎಂದು ಎದ್ದು ನಿಂತಳು. ಅವಳ ಕೈಯ ಟೀ ಚೆಲ್ಲಿಹೋಗಿತ್ತು.

"ಓಜಿಶಿಗಿ!" ಎಂದರು ಕಾಚೋ.

ಉದ್ದ ಕೊಕ್ಕಿನ, ಜೌಗಿನಲ್ಲಿ ಗೂಡು ಕಟ್ಟುವ ಹಕ್ಕಿ. ಚಳಿಗಾಲವನ್ನು ಆಸ್ಟ್ರೇಲಿಯಾದಲ್ಲಿ ಕಳೆದು, ಸಮುದ್ರ ದಾಟಿ ಈ ಬಯಲಿಗೇ ವಾಪಸು ಬರುತ್ತದೆ. ಗಂಡು ಮೇಲಿನಿಂದ ನೆಲದ ಕಡೆ ಧುಮುಕುವಾಗ ಬಾಲದ ಗರಿಗಳ ನಡುವೆ ಗಾಳಿ ನುಗ್ಗಿ ಆ ಗುಡುಗು ಹುಟ್ಟುತ್ತದೆ. ಗಂಟಲಿನದಲ್ಲದ ದಪ್ಪ ಸದ್ದು. ಅದು ಮತ್ತೆ ಬಂತು. ಮಂಜಿನೊಳಗೆ ನಮಗೆ ಹಕ್ಕಿ ಒಮ್ಮೆಯೂ ಕಾಣಲಿಲ್ಲ. ಆದರೆ ಕಾಚೋ ಬೆರಳು ಮಂಜಿನಲ್ಲಿ ಅದರ ದಾರಿಯನ್ನು ಬರೆಯುತ್ತಿತ್ತು. ಮೇಲಿನಿಂದ ಓರೆಯಾಗಿ ಕೆಳಗೆ, ಅಲ್ಲಿಂದ ತಿರುಗಿ ಮತ್ತೆ ಮೇಲಕ್ಕೆ. "ಹತ್ತು ಗಂಟೆ... ಹನ್ನೆರಡು... ಈಗ ಎರಡು!" ಎಂದು ನನಗೆ ಹೇಳುತ್ತಿದ್ದರು. ಅಂದು ನನ್ನ ಕಿವಿಗಿಂತ ಅವರ ಕಿವಿಯೇ ಮುಂದಿತ್ತು.

ಹೆಂಡತಿ ಬಂದು ತೋಳು ತಟ್ಟಿದರು. ಅವರು ತಿರುಗಲಿಲ್ಲ. "ಕೇಳಿಸ್ತಿದೆ," ಎಂದರು. "ಎಲ್ಲಾ ಕೇಳಿಸ್ತಿದೆ." ಆಕೆ ಗಂಡನ ತೋಳು ಹಿಡಿದುಕೊಂಡೇ ನಿಂತರು. ಕ್ಯಾಮೆರಾ ನೆನಪು ಯಾರಿಗೂ ಬರಲಿಲ್ಲ.

ಕೆಳಗಿಳಿಯುವ ಬಸ್ಸಿಗೆ ಕಾಯುವಾಗ ಅವರು ನನ್ನ ಪಕ್ಕ ಬಂದು ನಿಂತರು. "ನನಗೆ ಕೇಳಿಸುತ್ತೆ ಅಂತ ನಟಿಸೋದ್ರಲ್ಲೇ ಇಷ್ಟು ವರ್ಷ ಹೋಯ್ತು. ಏನು ಕೇಳಿಸುತ್ತೆ ಅಂತ ನೋಡ್ಕೊಳ್ಳಲೇ ಇಲ್ಲ," ಎಂದರು. ಸ್ವಲ್ಪ ತಡೆದು, "ಸೋಮವಾರ ಹೇಳ್ತೀನಿ. ನೀವು ಇರ್ತೀರಲ್ಲ?" ಎಂದರು. ಇರುತ್ತೇನೆಂದೆ.

ಸೋಮವಾರ ಬೆಳಗ್ಗೆ ಎಲ್ಲ ಸೆಕ್ಷನ್ನುಗಳೂ ನಿಂತು ಐದು ನಿಮಿಷ ಸಭೆ ಸೇರುವ ಪದ್ಧತಿ. ಡಿಪಾರ್ಟ್‌ಮೆಂಟಿನ ಮುಖ್ಯಸ್ಥರು ಮಾತು ಮುಗಿಸುತ್ತಿದ್ದಂತೆ ಕಾಚೋ ಮುಂದೆ ಬಂದು, ಮೋರಿ-ಸಾನ್ ಎದುರು ನಿಂತು, ಸೊಂಟದವರೆಗೆ ಬಾಗಿದರು. ಆ ಹುಡುಗಿ ಹೆದರಿ ಹಿಂದೆ ಸರಿದಳು.

"ಫೆಬ್ರವರಿಯ ತಪ್ಪನ್ನ ಮೋರಿ-ಸಾನ್ ಡಿಸೆಂಬರಿನಲ್ಲೇ ನನಗೆ ಹೇಳಿದ್ರು. ನಾನು ಕೇಳಿಸದೆ ತಲೆಯಾಡಿಸಿದೆ. ನನ್ನ ಕಿವಿ ಸರಿಯಿಲ್ಲ, ಬಹಳ ವರ್ಷದಿಂದ. ಮುಚ್ಚಿಟ್ಟಿದ್ದೆ. ತಪ್ಪು ನನ್ನದು." ಆಮೇಲೆ ಎಲ್ಲರ ಕಡೆ ತಿರುಗಿ, "ಇನ್ನು ಮುಂದೆ ನನ್ನ ಎದುರು ನಿಂತು ಮಾತಾಡಿ. ನಾನು ಹಾಯ್ ಅಂದ್ರೆ ನಂಬಬೇಡಿ, ಏನು ಕೇಳಿಸಿತು ಅಂತ ಕೇಳಿ," ಎಂದರು.

ಮೋರಿ-ಸಾನ್ ಅಳುತ್ತಿದ್ದಳು. ಅಳುತ್ತಲೇ ತಾನೂ ಬಾಗಿದಳು. ಇಬ್ಬರೂ ಮೇಲೇಳದೆ ಎಷ್ಟು ಹೊತ್ತು ಹಾಗೇ ಇದ್ದರೆಂದರೆ, ಕೊನೆಗೆ ಮುಖ್ಯಸ್ಥರೇ ಕೆಮ್ಮಿ ಅವರನ್ನು ಏಳಿಸಬೇಕಾಯಿತು.

ಅವಳ ಗುತ್ತಿಗೆ ಮುಂದುವರಿಯಿತು. ಕಾಚೋಗೆ ಬರಬೇಕಿದ್ದ ಬಡ್ತಿ ಮಾತ್ರ ಬರಲಿಲ್ಲ. ಗ್ರಾಹಕರ ಜೊತೆಗಿನ ಮೀಟಿಂಗುಗಳಿಂದಲೂ ಅವರನ್ನು ಬಿಡಿಸಿದರು. ಕಿಟಕಿಯ ಪಕ್ಕದ ಮೇಜಂತೂ ಸಿಕ್ಕಿತು. ಆದರೆ ಕೆಲಸವಿಲ್ಲದೆ ಅಲ್ಲಿ ಕೂರುವ ಪ್ರಸಂಗ ಬರಲಿಲ್ಲ. ಸೆಕ್ಷನ್ನಿನವರೆಲ್ಲ ತಮ್ಮ ಕುರ್ಚಿ ಎಳೆದುಕೊಂಡು ಅಲ್ಲಿಗೇ ಹೋಗಿ, ಅವರ ಎದುರು ಕೂತು ಕೆಲಸ ಕೇಳುತ್ತಿದ್ದರು. ಎದುರು ಕೂತು ಮಾತಾಡುವ ರೂಢಿ ಬಿದ್ದ ಮೇಲೆ, ಮೊದಲು ಬಾಯಿ ಬಿಡದಿದ್ದವರೂ ಮಾತಾಡತೊಡಗಿದರು. ಮೋರಿ-ಸಾನ್ ಒಂದು ದಿನ ಎಲ್ಲರ ಮುಂದೆ ಕಾಚೋ ಜೊತೆ ವಾದಕ್ಕಿಳಿದು ಗೆದ್ದದ್ದನ್ನು ನಾನೇ ಕಂಡಿದ್ದೇನೆ. ಅಂದು ಕಾಚೋ ಇಡೀ ಸೆಕ್ಷನ್ನಿಗೆ ಐಸ್‌ಕ್ರೀಮ್ ತರಿಸಿದರು.

ನಾನು ಮತ್ತೆ ದನಿ ಬಿಗಿಹಿಡಿಯಲಿಲ್ಲ. ಈಗ ಮೈಸೂರಿನಲ್ಲಿ ಮಕ್ಕಳಿಗೆ ಪಾಠ ಹೇಳುವಾಗ, ಕೊನೆಯ ಬೆಂಚಿಗೂ ಚೆನ್ನಾಗಿ ಕೇಳುತ್ತದೆ ಎನ್ನುತ್ತಾರೆ.

ಮರುವರ್ಷ, ನಾನು ಊರಿಗೆ ಹೊರಡುವ ಮುನ್ನ, ನಾಲ್ವರೂ ಮತ್ತೆ ಆ ಬಯಲಿಗೆ ಹೋದೆವು. ಹೆಂಡತಿಯ ಹಟಕ್ಕೆ ಕಾಚೋ ಎರಡೂ ಕಿವಿಗೆ ಯಂತ್ರ ಹಾಕಿಸಿಕೊಂಡು ಒಂದು ವಾರವಾಗಿತ್ತು. ಟೋಕಿಯೋದಲ್ಲಿ ತಟ್ಟೆಯ ಸದ್ದು, ಪೇಪರ್ ಮಡಿಸುವ ಸದ್ದು, ಎಲ್ಲಕ್ಕೂ ಬೆಚ್ಚಿ ಬೀಳುತ್ತಿದ್ದರಂತೆ. ಅದಕ್ಕೇ ದಾರಿಯುದ್ದಕ್ಕೂ ಅವನ್ನು ಜೇಬಿನಲ್ಲಿಟ್ಟುಕೊಂಡಿದ್ದರು. ಹಲಗೆಯ ದಾರಿಯ ನಡುವೆ ನಿಂತು, ಒಂದೊಂದಾಗಿ ಕಿವಿಗೆ ಸಿಕ್ಕಿಸಿ, ಹೆಂಡತಿಯ ಕಡೆ ನೋಡಿದರು. ಆಕೆ ಗುಂಡಿ ತಿರುಗಿಸಿದರು.

ಆ ದಿನ ಬಿಸಿಲಿತ್ತು. ಪೊದೆಗೊಂದರಂತೆ ನೋಬಿತಾಕಿಗಳು ಹಾಡುತ್ತಿದ್ದವು, ಆಕಾಶದಲ್ಲಿ ಬಾನಾಡಿಗಳು, ಹುಲ್ಲೊಳಗೆ ಹೆಸರು ತಿಳಿಯದ ಇನ್ನೆಷ್ಟೋ. ಕಾಚೋ ಬಾಯಿ ತೆರೆದುಕೊಂಡು ನಿಂತರು. ನಾವು ಮೂವರೂ ಅವರನ್ನೇ ನೋಡುತ್ತಿದ್ದೆವು. ವೀಣಾ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. ಅವರು ಅಳುತ್ತಾರೆಂದು ನಾನು ಕಾದೆ.

ಅವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಹೆಂಡತಿಯ ಕಡೆ ತಿರುಗಿ, "ಅಬ್ಬಾ! ಇವು ಇಷ್ಟೊಂದು ಗಲಾಟೆ ಮಾಡ್ತವಾ?" ಎಂದು ಜೋರಾಗಿ ನಗತೊಡಗಿದರು.